‘ನಾನಿದ್ದೀನಲ್ಲ’ ಅನ್ನೋದು ಬೇರೆ, ಜಾಮೀನಿಗೆ ಸಹಿ ಹಾಕೋದು ಬೇರೆ

ನಮ್ಮ ದೊಡ್ಡಪ್ಪ ಯಾರದೋ ಸಾಲಕ್ಕೆ ಜಾಮೀನು ಹಾಕಿ ಎರಡು ಎಕರೆ ಗದ್ದೆ ಕಳೆದುಕೊಂಡವರು. ಆಮೇಲೆ ಯಾರೇ ಬಂದರೂ ಕಾಫಿ ಕೊಟ್ಟು, ಬೆನ್ನು ತಟ್ಟಿ, ‘ನಾನಿದ್ದೀನಲ್ಲ, ಯಾಕೆ ಹೆದರ್ತೀಯ’ ಅನ್ನುತ್ತಿದ್ದರು. ಪೇಪರ್ ಮುಂದಿಟ್ಟರೆ ಮಾತ್ರ ಕನ್ನಡಕ ಸಿಗುತ್ತಿರಲಿಲ್ಲ.

ಯುರೋಪನ್ನು ಯಾರು ಕಾಯುತ್ತಾರೆ ಅನ್ನೋ ಸುದ್ದಿ ಓದುವಾಗೆಲ್ಲ ನನಗೆ ಆ ಕನ್ನಡಕ ನೆನಪಾಗುತ್ತದೆ.

1994ರ ಡಿಸೆಂಬರ್ 5, ಹಂಗೇರಿಯ ಬುಡಾಪೆಸ್ಟ್. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ಉಳಿದುಹೋಗಿದ್ದ ದೊಡ್ಡ ಅಣ್ವಸ್ತ್ರ ಸಿಡಿತಲೆಗಳೇ ಸುಮಾರು 1,900. ಲೆಕ್ಕದಲ್ಲಿ ಜಗತ್ತಿನಲ್ಲೇ ಮೂರನೆಯದು. ಅದನ್ನೆಲ್ಲ ಬಿಟ್ಟುಕೊಡುತ್ತೇವೆ, ಬದಲಿಗೆ ನಮ್ಮ ಗಡಿಗೆ ಯಾರು ಹೊಣೆ ಅಂತ ಉಕ್ರೇನ್ ಕೇಳಿತು. ಅಮೆರಿಕ, ಬ್ರಿಟನ್, ರಷ್ಯಾ ಮೂರೂ ಸಹಿ ಹಾಕಿದವು. ಇಂಗ್ಲಿಷ್ ಪ್ರತಿಯಲ್ಲಿ ಇದ್ದದ್ದು ‘ಅಶ್ಯೂರೆನ್ಸ್’, ಅಂದರೆ ಬರೀ ಭರವಸೆ. ಉಕ್ರೇನಿಯನ್ ಪ್ರತಿಯಲ್ಲಿ ಇದ್ದದ್ದು ‘ಗ್ಯಾರಂಟಿ’, ಅಂದರೆ ಜಾಮೀನು. ಒಂದೇ ಮೇಜು, ಒಂದೇ ದಿನ, ಎರಡು ಪದ! ಅಣ್ವಸ್ತ್ರದ ಬೆದರಿಕೆ ಬಂದರೆ ಏನು ಮಾಡಬೇಕು ಅಂದರೆ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಗಬೇಕು. ಅಲ್ಲಿ ವೀಟೋ, ಅಂದರೆ ನಿರ್ಣಯ ತಡೆಯೋ ಅಧಿಕಾರ, ಇರೋದು ಯಾರ ಕೈಯಲ್ಲಿ, ರಷ್ಯಾದ ಕೈಯಲ್ಲೂ ಅಲ್ವಾ.

1996ರ ಜೂನ್‌ನಲ್ಲಿ ಉಕ್ರೇನಿನ ಪೆರ್ವೊಮೈಸ್ಕ್ ಅನ್ನೋ ಕಡೆ, ಕ್ಷಿಪಣಿ ಇಟ್ಟಿದ್ದ ಗುಂಡಿಯನ್ನು ಒಡೆದು ಸಮ ಮಾಡಿದ ಜಾಗದಲ್ಲಿ, ಅಮೆರಿಕ, ರಷ್ಯಾ, ಉಕ್ರೇನ್ ಮೂರೂ ದೇಶದ ರಕ್ಷಣಾ ಸಚಿವರು ಸೂರ್ಯಕಾಂತಿ ನೆಟ್ಟರು. ಇನ್ನು ಮೂರೇ ವರ್ಷಕ್ಕೆ ಉಕ್ರೇನ್ ಗ್ಯಾಸ್ ಸಾಲ ತೀರಿಸಲಾಗದೆ 8 ಟಿಯು-160, 3 ಟಿಯು-95 ಬಾಂಬರ್ ವಿಮಾನ, ಜೊತೆಗೆ 575 ಕ್ರೂಸ್ ಕ್ಷಿಪಣಿಗಳನ್ನು ರಷ್ಯಾಕ್ಕೇ ಕೊಟ್ಟಿತು. 2022ರಿಂದ ಉಕ್ರೇನಿನ ಊರುಗಳ ಮೇಲೆ ಕ್ಷಿಪಣಿ ಬಿಡುತ್ತಿರುವುದು ಅದೇ ಜಾತಿಯ ವಿಮಾನಗಳು.

ಹಾಗಂತ ‘ಬಾಂಬ್ ಇಟ್ಟುಕೊಂಡಿದ್ದರೆ ಈ ಗತಿ ಬರ್ತಿತ್ತಾ’ ಅಂತ ವಾಟ್ಸಾಪ್‌ನಲ್ಲಿ ತಿರುಗುವ ಮಾತನ್ನು ನಾನು ಅಷ್ಟು ಸಲೀಸಾಗಿ ಒಪ್ಪಲ್ಲ. ಬಾಂಬ್ ಉಕ್ರೇನಿನಲ್ಲಿತ್ತು, ಉಡಾಯಿಸುವ ಕೋಡ್ ಮಾಸ್ಕೋದಲ್ಲಿತ್ತು. ಖಜಾನೆ ಬರಿದಾಗಿತ್ತು. ಚೆರ್ನೋಬಿಲ್ ನಡೆದು ಹತ್ತು ವರ್ಷವೂ ಆಗಿರಲಿಲ್ಲ. ಅವರು ದಡ್ಡರಲ್ಲ, ದಾರಿ ಇರಲಿಲ್ಲ. ನಾವೂ ಇಂಥದ್ದೇ ಭರವಸೆ ಕೇಳಿಕೊಂಡು 1967ರಲ್ಲಿ ಮಾಸ್ಕೋ, ವಾಷಿಂಗ್ಟನ್ ಅಂತ ಅಲೆದವರೇ. ಸಿಗಲಿಲ್ಲ. 1974ರಲ್ಲಿ ಪೋಖ್ರಾನ್ ಆಯಿತು.

‘ನೇಟೋ ಹಾಗಲ್ಲ, ಅದು ಪಕ್ಕಾ ಜಾಮೀನು’ ಅನ್ನುವವರು ಅಮೆರಿಕ, ಯುರೋಪ್ ದೇಶಗಳ ಆ ಸೇನಾ ಒಕ್ಕೂಟದ ಒಪ್ಪಂದದ ಐದನೇ ವಿಧಿ ಒಂದು ಸಲ ಓದಿ. ಒಬ್ಬರ ಮೇಲೆ ಬಿದ್ದ ಏಟು ಎಲ್ಲರ ಮೇಲೆ ಬಿದ್ದ ಏಟು, ಸರಿ. ಆದರೆ ಆಗ ಪ್ರತಿ ದೇಶ ಮಾಡಬೇಕಾದ್ದು ತನಗೆ ಅಗತ್ಯ ಅನ್ನಿಸಿದ್ದನ್ನು. ಹೆಲ್ಮೆಟ್ ಕಳಿಸಿದರೂ ನಡೆಯುತ್ತದೆ. ಇಷ್ಟು ವರ್ಷದಲ್ಲಿ ಈ ವಿಧಿ ಜಾರಿಯಾದದ್ದು ಒಂದೇ ಸಲ, 2001ರಲ್ಲಿ, ಅದೂ ಅಮೆರಿಕಕ್ಕೋಸ್ಕರ. ಆಮೇಲೆ ಪುಟ್ಟ ಡೆನ್ಮಾರ್ಕ್ ಅಫ್ಘಾನಿಸ್ತಾನದಲ್ಲಿ 40ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಈಗ ಅದೇ ಡೆನ್ಮಾರ್ಕ್‌ಗೆ ‘ನಿಮ್ಮ ಕೈಲಿರುವ ಗ್ರೀನ್‌ಲ್ಯಾಂಡ್ ನಮಗೆ ಕೊಡಿ’ ಅಂತ ಟ್ರಂಪ್ ಕೇಳುತ್ತಾರೆ. ನೆಂಟಸ್ತನ ಅಂದರೆ ಇದಪ್ಪ.

ಇದನ್ನೆಲ್ಲ ಮೊದಲೇ ಮೂಗಲ್ಲಿ ಹಿಡಿದವರು ಫ್ರಾನ್ಸಿನ ಅಂದಿನ ಅಧ್ಯಕ್ಷ ಡಿಗಾಲ್. ಪ್ಯಾರಿಸ್ ಉಳಿಸೋಕೆ ನ್ಯೂಯಾರ್ಕ್ ಕಳೆದುಕೊಳ್ಳೋಕೆ ರೆಡಿ ಇದ್ದೀರಾ ಅಂತ 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯನ್ನೇ ಕೇಳಿದರು. ಅಷ್ಟರಲ್ಲಿ ಫ್ರಾನ್ಸ್ ಸಹರಾದಲ್ಲಿ ತನ್ನದೇ ಬಾಂಬ್ ಸಿಡಿಸಿ ಆಗಿತ್ತು, 1960ರ ಫೆಬ್ರವರಿಯಲ್ಲಿ. ಬ್ರಿಟನ್ನಿನದು ಅರ್ಧ ಸ್ವಂತ, ಅರ್ಧ ಬಾಡಿಗೆ: ಸಿಡಿತಲೆ ಅವರದು, ನಾಲ್ಕು ಜಲಾಂತರ್ಗಾಮಿಗಳು ಅವರವು, ಕ್ಷಿಪಣಿ ಮಾತ್ರ ಅಮೆರಿಕದ ಜಾರ್ಜಿಯಾದ ಡಿಪೋದಿಂದ ಬರಬೇಕು.

ಡಿಗಾಲ್ ಕೇಳಿದ್ದು ಸರಿಯೇ. ಆದರೆ ಈಗ ಅದೇ ಪ್ರಶ್ನೆ ಫ್ರಾನ್ಸಿನ ಕಡೆ ತಿರುಗಿದೆ. ರಷ್ಯಾದ ಪಕ್ಕದಲ್ಲೇ ಇರುವ ಎಸ್ಟೋನಿಯಾದ ಟಾಲಿನ್ ಉಳಿಸೋಕೆ ಪ್ಯಾರಿಸ್ ಕಳೆದುಕೊಳ್ಳುತ್ತೀರಾ? ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ 2025ರ ಮಾರ್ಚ್‌ನಲ್ಲಿ ಟಿವಿಯಲ್ಲಿ ಮಾತಾಡಿ, ನಮ್ಮ ಅಣ್ವಸ್ತ್ರದ ರಕ್ಷಣೆ ಯುರೋಪಿನ ಗೆಳೆಯರಿಗೂ ಸಿಗಬಹುದಾ ಅನ್ನೋ ಚರ್ಚೆ ಶುರು ಮಾಡೋಣ ಅಂದರು. ಬಟನ್ ಮಾತ್ರ ಫ್ರಾನ್ಸಿನ ಅಧ್ಯಕ್ಷರ ಕೈಯಲ್ಲೇ, ಅದನ್ನೂ ಸ್ಪಷ್ಟ ಹೇಳಿದರು. ಪ್ರಾಮಾಣಿಕ ಮಾತು, ನನಗೆ ಹಿಡಿಸಿತು. ಆದರೆ ಟಾಲಿನ್‌ನಲ್ಲಿರುವವರಿಗೆ ಇದರಿಂದ ನಿದ್ದೆ ಬರುತ್ತಾ?

ನನ್ನ ಪ್ರಕಾರ ನಿದ್ದೆ ಬರಿಸೋದು ಸಿಡಿತಲೆ ಅಲ್ಲ. ಪಕ್ಕದ ರೂಮಲ್ಲಿ ಕಾಯ್ತೀನಿ ಅಂದವರ ಮನೆ ಹುಡುಗ ಮಲಗಿದ್ದಾನಾ ಅನ್ನೋದು. ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಬರ್ಲಿನ್ನಿನ ಸುತ್ತ ಪೂರ್ತಿ ಸೋವಿಯತ್ ಸೇನೆ ಇತ್ತು. ಒಳಗಿದ್ದ ಕೆಲವು ಸಾವಿರ ಅಮೆರಿಕನ್, ಬ್ರಿಟಿಷ್, ಫ್ರೆಂಚ್ ಸೈನಿಕರಿಂದ ಆ ಊರನ್ನು ಕಾಯೋಕೆ ಆಗುತ್ತಿರಲಿಲ್ಲ. ಅವರು ಅಲ್ಲಿದ್ದದ್ದು ಗೆಲ್ಲೋಕಲ್ಲ. ಅವರನ್ನು ಕೊಲ್ಲದೆ ಊರು ಹಿಡಿಯೋಕೆ ಆಗಬಾರದು, ಅಷ್ಟೆ. ಸೋವಿಯತ್ ಕಡೆಯವರು ದಿಗ್ಬಂಧನ ಹಾಕಿದರು, ಗೋಡೆ ಕಟ್ಟಿದರು, ಒಳಗೆ ಮಾತ್ರ ನುಗ್ಗಲಿಲ್ಲ. ಈಗ ಜರ್ಮನಿ ಲಿಥುವೇನಿಯಾದಲ್ಲಿ ಸುಮಾರು 5,000 ಜನರ ಬ್ರಿಗೇಡ್ ಒಂದನ್ನು ಖಾಯಂ ಆಗಿ ಇಡುತ್ತಿದೆ. ನನ್ನ ಕಣ್ಣಿಗೆ ಸಹಿ ಅಂದರೆ ಅದು, ನೇಟೋ ಕಚೇರಿ ಇರುವ ಬ್ರಸೆಲ್ಸ್‌ನ ಭಾಷಣಗಳಲ್ಲ.

2025ರ ಜುಲೈನಲ್ಲಿ ಬ್ರಿಟನ್, ಫ್ರಾನ್ಸ್ ಸೇರಿ ಲಂಡನ್ ಹತ್ತಿರದ ನಾರ್ತ್‌ವುಡ್‌ನಲ್ಲಿ ಒಂದು ಘೋಷಣೆ ಹೊರಡಿಸಿದವು. ಯುರೋಪಿಗೆ ವಿಪರೀತದ ಅಪಾಯ ಬಂದರೆ ನಮ್ಮಿಬ್ಬರಿಂದಲೂ ‘ರೆಸ್ಪಾನ್ಸ್’ ಬಾರದೇ ಇರುವುದಿಲ್ಲ ಅಂತ. ಎಂಥ ರೆಸ್ಪಾನ್ಸ್ ಅಂತ ಬಿಡಿಸಿ ಹೇಳಿಲ್ಲ. ಬೇಕಂತಲೇ ಹೇಳಿಲ್ಲ, ಎದುರಾಳಿ ಊಹಿಸಿಕೊಳ್ಳಲಿ ಅಂತ. ಈ ಸಲ ಆ ಪದ ಉಕ್ರೇನಿಯನ್‌ನಲ್ಲಿ ಏನಾಗಿದೆ ಅಂತ ಯಾರಾದರೂ ನೋಡಿದ್ದರೆ ಕಾಮೆಂಟ್‌ನಲ್ಲಿ ಹಾಕಿ.