ಬರ್ರೀ ಲಗೂ!

ಮೊನ್ನೆ ರಾತ್ರಿ ಹನ್ನೊಂದಕ್ಕೆ, ಬೆಳಗಾವಿಯ ತಿಲಕವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ, ನಾನು ಬೆರಳುದ್ದದ ಎಲೆಕ್ಟ್ರಾನಿಕ್ ಬೋರ್ಡೊಂದನ್ನು ಸೊಂಟದೆತ್ತರದಿಂದ ಗಾದಿಯ ಮೇಲೆ ಬೀಳಿಸುತ್ತಾ ಕೂತಿದ್ದೆ. ಹುಚ್ಚಲ್ಲ, ನೌಕರಿ.

ಅದರ ಮೇಲಿರುವುದು ಎಡಿಎಕ್ಸ್‌ಎಲ್345 ಅನ್ನೋ ಸೆನ್ಸರ್ ಚಿಪ್. ಎಕ್ಸ್, ವೈ, ಝಡ್ ಅನ್ನೋ ಮೂರು ದಿಕ್ಕಿನಲ್ಲಿ ವೇಗೋತ್ಕರ್ಷ ಅಳೆಯುತ್ತದೆ. ಕೆಳಗೆ ಬೀಳುವಾಗ ಮೂರೂ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತವೆ. ನಾನಿಟ್ಟಿದ್ದು 200 ಮಿಲಿಸೆಕೆಂಡ್. ಅಷ್ಟು ಹೊತ್ತು ಸೊನ್ನೆಯ ಹತ್ತಿರ ಇದ್ದರೆ, ಅಂದರೆ 20 ಸೆಂಟಿಮೀಟರ್ ಬಿದ್ದರೆ ಸಾಕು, ಚಿಪ್ ಇಂಟರಪ್ಟ್ ("ಇತ್ತ ನೋಡು" ಅನ್ನೋ ಸಂಕೇತ) ಎಬ್ಬಿಸುತ್ತದೆ. ಎಬ್ಬಿಸುತ್ತಲೂ ಇತ್ತು. ಅದನ್ನು ಕೇಳಿಸಿಕೊಳ್ಳಬೇಕಾದ ನನ್ನ ಡ್ರೈವರ್ ಕೋಡು ಮಾತ್ರ "ಏನೂ ಆಗಿಲ್ಲ" ಅನ್ನುತ್ತಿತ್ತು. ಧಪ್. ಏನೂ ಆಗಿಲ್ಲ. ಧಪ್. ಏನೂ ಆಗಿಲ್ಲ.

ನಲವತ್ತನೇ ಧಪ್ಪಿಗೆ ಕೆಳಗಿನಿಂದ ಓನರ್ ಕಾಕು ಕೂಗಿದರು: "ಬರ್ರೀ ಲಗೂ!"

ಈ ಕಾಕು ಹೆಸರು ಹಿಡಿದು ಯಾರನ್ನೂ ಕರೆಯುವುದಿಲ್ಲ. ನಳ ಬಂದರೂ ಬರ್ರೀ ಲಗೂ, ಟಾಕಿ ತುಂಬಿ ಹರಿದರೂ ಬರ್ರೀ ಲಗೂ, ಅಂಗಳಕ್ಕೆ ಆಕಳು ನುಗ್ಗಿದರೂ, ತಿನ್ನೋಕೆ ಕುಂದಾ ಕೊಡಬೇಕಾದರೂ ಅದೇ. ಮಹಡಿಯ ಮೂರೂ ಮನೆಯವರು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಬೇಕು. ಜಾಸ್ತಿ ಕಷ್ಟ ಅಂದರೆ, ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ. ಹೋದ ವಾರ ಮೊದಲ ಮನೆಯವರು ಇಳಿದು ಕೇಳಿ, "ನಮ್ದಲ್ಲ" ಅಂತ ಮೇಲೆ ಬಂದರು. ಹಿಂದೆ ಹೋದ ನನಗೆ ಕಾಕು, "ಆಗಲೇ ಹೇಳೀನಲ್ರೀ!" ಅಂದು ಬಾಗಿಲು ಹಾಕಿಕೊಂಡರು. ಮಳೆಯಲ್ಲಿ ನೆನೆಯುತ್ತಿದ್ದದ್ದು ನನ್ನ ಅರಿವೆ.

ಊರಲ್ಲಿ ಅವ್ವನೂ ಅಡುಗೆಮನೆಯಿಂದ "ಯಾರ್ ಅದೀರಿ?" ಅಂತಲೇ ಕೂಗುತ್ತಿದ್ದಳು. ನಾಲ್ಕು ಮಕ್ಕಳು ಓಡುತ್ತಿದ್ದೆವು. ಈಗ ಫೋನಿನಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾಳೆ.

ಅದಿರಲಿ. ಧಪ್ಪಿಗೆ ಬೈಸಿಕೊಂಡು ಮೆಟ್ಟಿಲು ಹತ್ತುವಾಗ ತಲೆಗೆ ಹೊಳೆಯಿತು. ಚಿಪ್ಪೂ ಕಾಕುನೇ! ಬಿದ್ದದ್ದು ಎಕ್ಸೋ ವೈಯೋ ಅಂತಿಲ್ಲ, ಇಡೀ ಚಿಪ್ ಬಿದ್ದಿದೆ. ಬೆರಳಿನಿಂದ ತಟ್ಟಿ ಟ್ಯಾಪ್ ಆದರೂ, ಬಿದ್ದರೂ ಸುದ್ದಿ ಒಂದೇ ರಿಜಿಸ್ಟರಿನಲ್ಲಿ, ಅಂದರೆ ಚಿಪ್ಪಿನೊಳಗಿನ ಒಂದೇ ಪುಟ್ಟ ಖಾನೆಯಲ್ಲಿ. ಓದಿದ ಕೂಡಲೇ ಆ ಸುದ್ದಿ ಅಳಿಸಿಹೋಗುತ್ತದೆ. ನನ್ನ ಟ್ಯಾಪ್ ಕೋಡು ಮೊದಲು ಹೋಗಿ ಓದಿ, "ನಮ್ದಲ್ಲ" ಅಂತ ವಾಪಸ್ ಬರುತ್ತಿತ್ತು. ಹಿಂದೆ ಹೋದ, ಬಿದ್ದದ್ದನ್ನು ಗುರುತಿಸುವ ಫ್ರೀ ಫಾಲ್ ಕೋಡಿಗೆ ಖಾಲಿ ರಿಜಿಸ್ಟರ್. ಒಮ್ಮೆ ಓದಿ, ಬರೆದಿಟ್ಟುಕೊಂಡು, ಎಲ್ಲರಿಗೂ ಹಂಚಬೇಕಿತ್ತು. ಬದಲಿಸಿದ್ದು ಮೂರೇ ಸಾಲು. ಹೋದದ್ದು ಎರಡು ದಿನ.

ಇವತ್ತು ಬೆಳಿಗ್ಗೆ ಮತ್ತೆ "ಬರ್ರೀ ಲಗೂ!" ಈ ಸಲ ನಾನೇ ಮೊದಲು ಇಳಿದೆ. "ನಂದೇನ್ರೀ ಕಾಕು?" "ನಿಮ್ದಲ್ಲ, ಅದು..." ಅನ್ನುವಷ್ಟರಲ್ಲಿ ನಾನು ಅರ್ಧ ಮೆಟ್ಟಿಲು ಹತ್ತಿಯಾಗಿತ್ತು. ಮೂರನೇ ಮನೆಯವರು ಎದುರಾಗಿ "ಏನಂತ್ರೀ?" ಅಂದರು.

"ಏನಿಲ್ಲ ಬಿಡ್ರಿ" ಅಂದೆ.

ಗ್ಯಾಸಿನವನು ಅವರ ಸಿಲಿಂಡರ್ ವಾಪಸ್ ಒಯ್ದನಂತೆ.