ಮಂಗಳವಾರವಿಲ್ಲದ ಅಕ್ಕೋರು

ಕಳೆದ ತಿಂಗಳು ಇಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಬಸ್ ನಿಲ್ದಾಣವೊಂದರಲ್ಲಿ ಮಗನ ತರಗತಿಯ ಶಿಕ್ಷಕಿ ಎದುರಾದಾಗ, ಹುಡುಗ ಮಗ್ಗಿಯಲ್ಲಿ ತಡವರಿಸುತ್ತಿದ್ದಾನೆಯೇ ಎಂದು ಕೇಳಿದೆ, ಅಷ್ಟೆ. ಅವರು ನಗುತ್ತಲೇ, ‘ಮಂಗಳವಾರ 12.15ಕ್ಕೆ ಶಾಲೆಗೆ ಬನ್ನಿ’ ಎಂದು ಹೇಳಿ ಬಸ್ಸು ಹತ್ತಿದರು. ಅದರಲ್ಲಿ ಅಗೌರವವೇನೂ ಇರಲಿಲ್ಲ. ಆದರೂ ಆ ಮಂಗಳವಾರ ಮನೆ ಮುಟ್ಟುವವರೆಗೂ ನನ್ನನ್ನು ಕುಟುಕುತ್ತಿತ್ತು.

ನಾನು ಅಕ್ಕೋರ ಮಗ; ನಮ್ಮ ಕಡೆ ಶಿಕ್ಷಕಿಗೆ ಹಾಗೆನ್ನುತ್ತಾರೆ. ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ ಮುಗಿಸಿ 1979ರಲ್ಲಿ ಕೆಲಸಕ್ಕೆ ಸೇರಿದ ಆಯಿ, ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ನದಿಯ ಆಚೆ ದಡದ ಕಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಳು. ಅವಳಿಗೆ ಮಂಗಳವಾರವೆಂಬುದೇ ಇರಲಿಲ್ಲ. ದೋಣಿಯಲ್ಲಿ ಕುಳಿತಲ್ಲೇ ಪಾಲಕರ ಸಭೆ ನಡೆಯುತ್ತಿತ್ತು. ಸಂಜೆ ನಮ್ಮ ಜಗಲಿಯ ಮೇಲೆ ಮನಿಯಾರ್ಡರ್ ಫಾರಂ, ರೇಶನ್ ಕಾರ್ಡಿನ ಅರ್ಜಿ, ಮುಂಬೈಗೆ ಹೋದ ಮಗನ ಪತ್ರ ಹಿಡಿದವರು ಕವಳ ಹಾಕುತ್ತ ಕಾಯುತ್ತಿದ್ದರು. 1991ರ ಜನಗಣತಿಯಲ್ಲಿ ಮನೆಮನೆ ತಿರುಗಿದಾಗಲೂ ಅವಳು ಹೊಸದಾಗಿ ಕೇಳಿ ತಿಳಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲವಂತೆ.

ಬೆಳಗಿನ ಹೊತ್ತು ನೀರು ಇಳಿಯುವ ದಿನಗಳಲ್ಲಿ ಮಕ್ಕಳೆಲ್ಲ ತಾಯಂದಿರ ಜೊತೆ ಕೆಸರಿನಲ್ಲಿ ಸಿಗುವ ಬಳಚು ಎಂಬ ಚಿಪ್ಪುಮೀನು ಆಯಲು ಹೋಗುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಸುಮ್ಮನೆ ಗೈರು ಬರೆದು ಕುಳಿತುಕೊಳ್ಳುವ ಬದಲು ಆಯಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೆಸರಿನ ಅಂಚಿನವರೆಗೂ ನಡೆದು, ‘ನೀರು ಏರಿದ ಮೇಲಾದರೂ ಕಳಿಸಿ’ ಎಂದು ಕೂಗಿ ಬರುತ್ತಿದ್ದಳು. ಮಧ್ಯಾಹ್ನ ಒದ್ದೆ ಚಡ್ಡಿಯಲ್ಲೇ ಬಂದ ಮಕ್ಕಳಿಗೆ ಅದೇ ಬಳಚಿನ ಚಿಪ್ಪುಗಳನ್ನು ಹತ್ತು ಹತ್ತರ ಗುಡ್ಡೆ ಮಾಡಿಸಿ ಲೆಕ್ಕ ಹೇಳಿಕೊಡುತ್ತಿದ್ದಳು. ಒಮ್ಮೆ ಒಬ್ಬ ತಾಯಿ ಪ್ರೀತಿಯಿಂದ ಬುಟ್ಟಿ ತುಂಬ ಬಳಚು ತಂದುಕೊಟ್ಟಳು. ಅದು ನಮ್ಮ ಅಡುಗೆಮನೆ ಹೊಗುವ ವಸ್ತುವಲ್ಲ. ಆಯಿ ಎರಡೂ ಕೈಯಲ್ಲಿ ತೆಗೆದುಕೊಂಡು ಶಾಲೆಯ ಪಕ್ಕದ ಮನೆಗೆ ಕೊಟ್ಟು, ಮರುದಿನ ಚಿಪ್ಪನ್ನು ಮಾತ್ರ ತೊಳೆಸಿ ಡಬ್ಬಿಗೆ ತುಂಬಿಕೊಂಡಳು.

ಇಲ್ಲಿಯ ಶಿಕ್ಷಕಿಗೆ ನಮ್ಮ ಮನೆ ಯಾವ ಬೀದಿಯಲ್ಲಿದೆ ಎಂಬುದೂ ಗೊತ್ತಿರಲಿಕ್ಕಿಲ್ಲ. ಊರಿಗೆ ಸೇರದ ಮೇಷ್ಟರಿಕೆ ಎಂಥ ಮೇಷ್ಟರಿಕೆ ಎಂದು ನಾನು ಹೆಂಡತಿಯ ಮುಂದೆ ಸಾಕಷ್ಟು ಹೊತ್ತು ಭಾಷಣ ಬಿಗಿದೆ.

ಆದರೆ ಮಂಗಳವಾರ ಹೋದೆನಲ್ಲ, ಅವರು ಮಗನ ಕಡತ ಬಿಚ್ಚಿ ಪೂರ್ತಿ 15 ನಿಮಿಷ ಅವನೊಬ್ಬನ ಬಗ್ಗೆಯೇ ಮಾತನಾಡಿದರು. ಅವನು ಏಳು ಬರೆಯುವಾಗ ಪೆನ್ಸಿಲನ್ನು ಎಲ್ಲಿ ಎತ್ತುತ್ತಾನೆ ಎಂಬುದನ್ನೂ ಗಮನಿಸಿದ್ದರು. ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೂ ಹೇಳಬೇಕು: ನನ್ನ ಪಾಟಿಯನ್ನು ಆಯಿ ಅಷ್ಟು ಹೊತ್ತು ನೋಡಿದ ನೆನಪು ನನಗಿಲ್ಲ. ಶಾಲೆಯಲ್ಲಿ ಎಲ್ಲರಂತೆ ನಾನೂ ಅವಳನ್ನು ಅಕ್ಕೋರೇ ಎಂದೇ ಕರೆಯುತ್ತಿದ್ದೆ. ಒಮ್ಮೆ ಜ್ವರದಲ್ಲಿ ಮಲಗಿದ್ದಾಗ, ಜಗಲಿಯ ಜನ ಕರಗುವುದನ್ನೇ ಕಾದು, ಮನೆಯಲ್ಲಿಯೂ ‘ಅಕ್ಕೋರೇ’ ಎಂದು ಕೂಗಿದ್ದೆ. ಆಗ ಬೇಗ ಬಂದಳು.

ಆ ರಾತ್ರಿ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ, ಜ್ವರದ ಸಂಗತಿಯೊಂದನ್ನು ಬಿಟ್ಟು. ಆಯಿ ಕೇಳಿದ್ದು ಒಂದೇ: ‘ಆ ಕ್ಲಾಸಲ್ಲಿ ಎಷ್ಟ್ ಮಕ್ಕ?’

22 ಎಂದೆ.

‘ನಂಗೆ 61 ಇತ್ತು,’ ಎಂದಳು. ಸ್ವಲ್ಪ ತಡೆದು, ಮೊಮ್ಮಗನ ಕೈಗೆ ಫೋನು ಕೊಡಲು ಹೇಳಿ, ಏಳರ ಮಗ್ಗಿ ಹೇಳಿಸತೊಡಗಿದಳು.