ಕೆರೆಗೆ ಬಿಡುವ ಮುನ್ನ ಆಮೆಯ ಕಾಲು ನೋಡಿ

ಭದ್ರಾ ಮೇಲ್ದಂಡೆ ನೀರಾವರಿ ಕಾಮಗಾರಿ ಆಮೆಗತಿಯಲ್ಲಿ ಸಾಗಿದೆ ಎಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಆಮೆಯ ಪರವಾಗಿ ಸಿಟ್ಟು ಬರುತ್ತದೆ. ಆಮೆ ಹೊರಟ ಕಡೆ ಮುಟ್ಟುತ್ತದೆ ಸ್ವಾಮಿ! ಚಿತ್ರದುರ್ಗ ಜಿಲ್ಲೆಯವನಾಗಿ ಇಷ್ಟು ಹೇಳುವ ಹಕ್ಕು ನನಗಿದೆ.

ಆದರೆ ಇವತ್ತಿನ ತಕರಾರು ಆಮೆಯನ್ನು ಆಡಿಕೊಳ್ಳುವವರ ಮೇಲಲ್ಲ, ಅದನ್ನು ಕಂಡು ಮರುಗುವವರ ಮೇಲೆ. ಮಳೆ ಬಿದ್ದು ಚಳ್ಳಕೆರೆ, ಹಿರಿಯೂರು ಕಡೆಯ ಕುರುಚಲು ಚಿಗುರಿದರೆ ನಕ್ಷತ್ರ ಆಮೆಗಳು ಮೇವು ಹುಡುಕಿ, ಜೋಡಿ ಹುಡುಕಿ ಹೊರಬೀಳುತ್ತವೆ. ಶೇಂಗಾ ಹೊಲದ ಬದುವಿನಲ್ಲೋ ರಸ್ತೆಯ ಮೇಲೋ ಕಂಡವರು "ಅಯ್ಯೋ ಪಾಪ, ನೀರಿಲ್ಲದೆ ಒದ್ದಾಡುತ್ತಿದೆ" ಎಂದು ಎತ್ತಿಕೊಂಡು ಹೋಗಿ ಬಾವಿಗೋ ಕೆರೆಗೋ ಬಿಡುತ್ತಾರೆ. ಪುಣ್ಯ ಬಂತೆಂದು ಕೈಮುಗಿದು ಮನೆಗೆ ನಡೆಯುತ್ತಾರೆ. ಆಮೆ ಮುಳುಗಿ ಸಾಯುತ್ತದೆ. ಅದು ಒಣನೆಲದ ಪ್ರಾಣಿ, ಈಜು ಬಾರದು.

ಕಾಲು ನೋಡಿದರೆ ಸಾಕು, ತಿಳಿಯುತ್ತದೆ. ನಕ್ಷತ್ರ ಆಮೆಯದು ಆನೆಯ ಕಾಲಿನ ಹಾಗೆ ದುಂಡಗೆ, ಒರಟು ಹುರುಪೆಗಳು, ಬೆರಳ ನಡುವೆ ಪೊರೆಯಿಲ್ಲ. ಸೂಳೆಕೆರೆಯಂಥ ನೀರಿನಲ್ಲಿರುವ ಕೆರೆಯಾಮೆಗೆ ಬೆರಳುಗಳ ನಡುವೆ ಈಜಲು ಪೊರೆ ಇರುತ್ತದೆ, ಬೆನ್ನು ನುಣುಪು. ಹಿಂಗಾಲನ್ನು ಒಳಗೆಳೆದುಕೊಂಡರೆ ಹೊಟ್ಟೆಯ ಕಡೆಯಿಂದ ಎರಡು ಮುಚ್ಚಳಗಳು ಬಂದು ಕಾಲನ್ನು ಮುಚ್ಚುತ್ತವೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಇದು ಕೆಸರಿನೊಳಗೆ ಹೂತುಕೊಂಡು ಮಳೆ ಬರುವ ತನಕ ಮಲಗಿಬಿಡುತ್ತದೆ. ಹೂಳೆತ್ತುವ ಜೆಸಿಬಿಗೆ ಸಿಗುವುದು ಆಗಲೇ. ಅಲುಗಾಡಲಿಲ್ಲವೆಂದು ಸತ್ತಿದೆ ಎಂದುಕೊಂಡು ಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಸುರಿಯಬೇಡಿ. ನೀರಿರುವ ಕಡೆ ಬಿಡಬೇಕಾದದ್ದು ಇದನ್ನು.

ಇನ್ನು ಚಿಪ್ಪಿನ ವಿಷಯ. ಅದು ಆಮೆ ಹೊತ್ತು ತಿರುಗುವ ಮನೆ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಅದು ಮನೆಯಲ್ಲ, ಮೈಯೇ: ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಒಂದಕ್ಕೊಂದು ಬೆಸೆದು ಆದದ್ದೇ ಚಿಪ್ಪು. ಅದರಿಂದ ಹೊರಗೆ ಬರುವ ಮಾತೇ ಇಲ್ಲ. ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ. ಕಲ್ಲಿನಿಂದ ಟಕಟಕ ಕುಟ್ಟುವ ಹುಡುಗರಿಗೆ ಇದನ್ನು ಹೇಳಬೇಕು. ನಕ್ಷತ್ರ ಆಮೆಯ ಬೆನ್ನ ಮೇಲಿನ ಹಳದಿ ಗೆರೆಗಳು ಕೈಯಲ್ಲಿ ಹಿಡಿದಾಗ ಕಣ್ಣಿಗೆ ಹೊಡೆಯುತ್ತವೆ, ಒಣ ಹುಲ್ಲಿನ ನಡುವೆ ಇಟ್ಟರೆ ಎರಡು ಮಾರು ದೂರದಿಂದ ಆಮೆಯೇ ಕಾಣುವುದಿಲ್ಲ. ಬೆನ್ನಿನ ಡುಬ್ಬವೂ ಸುಮ್ಮನೆ ಬಂದದ್ದಲ್ಲ. ಹೇಗೆ ಮಲಗಿಸಿದರೂ ತಾನೇ ಎದ್ದು ಒಂದೇ ಭಂಗಿಗೆ ಬಂದು ನಿಲ್ಲುವ 'ಗೊಂಬೊತ್ಸ್' ಎಂಬ ಆಕಾರವನ್ನು ಹಂಗೇರಿಯ ವಿಜ್ಞಾನಿಗಳಾದ ಗಾಬರ್ ದೊಮೊಕೊಶ್ ಮತ್ತು ಪೀಟರ್ ವಾರ್ಕೊನಿ 2006ರಲ್ಲಿ ರೂಪಿಸಿದರು. ಆಮೇಲೆ ಆಮೆಗಳ ಚಿಪ್ಪನ್ನು ಅಳೆದು ನೋಡಿದಾಗ ಅದಕ್ಕೆ ತೀರಾ ಹತ್ತಿರದ ಆಕಾರ ಸಿಕ್ಕಿದ್ದು ನಮ್ಮ ನಕ್ಷತ್ರ ಆಮೆಯಲ್ಲಿ. ಮಗುಚಿ ಬಿದ್ದರೆ ಏಳಲಿಕ್ಕೆ ಆ ಡುಬ್ಬವೇ ಅದಕ್ಕೆ ಆಸರೆ.

ಇಂಥದ್ದನ್ನು ತಂದು ಬಚ್ಚಲುಮನೆಯ ಬಕೆಟ್ಟಿನಲ್ಲಿಟ್ಟು ಅನ್ನ, ಟೊಮೆಟೊ ಹಾಕುತ್ತಾರೆ! ಬಿಸಿಲಿಲ್ಲ, ಸುಣ್ಣದ ಅಂಶವಿಲ್ಲ. ಬೆಳೆಯುವ ಆಮೆಯ ಚಿಪ್ಪು ಮೆತ್ತಗಾಗಿ ಸೊಟ್ಟಗಾಗುತ್ತದೆ. ಮನೆಯಲ್ಲಿ ಆಮೆಯಿದ್ದರೆ ಲಕ್ಷ್ಮಿ ನಿಲ್ಲುತ್ತಾಳಂತೆ. ನಿಂತರೂ ವಕೀಲರ ಮನೆಗೆ ಹೋಗುವುದೇ ಸೈ, ಏಕೆಂದರೆ ವನ್ಯಜೀವಿ ಕಾಯ್ದೆಯ ಪ್ರಕಾರ ಸಾಕುವುದು ಅಪರಾಧ. ಕಳ್ಳಸಾಗಣೆ ಮಿತಿಮೀರಿದ್ದಕ್ಕೇ 2019ರಲ್ಲಿ ನಕ್ಷತ್ರ ಆಮೆಯನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಮೊದಲ ಪಟ್ಟಿಗೆ ಸೇರಿಸಿದರು. ವಾಸ್ತು ಬೇಕೇ ಬೇಕೆನ್ನುವವರು ಹಿತ್ತಾಳೆಯದನ್ನು ತಂದಿಟ್ಟುಕೊಳ್ಳಿ, ಅದು ಟೊಮೆಟೊ ಕೇಳುವುದಿಲ್ಲ.

ರಸ್ತೆಯಲ್ಲಿ ಕಂಡರೆ ಏನು ಮಾಡಬೇಕು? ಗಾಡಿಗಳಿಲ್ಲದಿದ್ದರೆ ಏನೂ ಮಾಡಬೇಡಿ, ದಾಟಿಕೊಳ್ಳುತ್ತದೆ. ಎತ್ತಿದರೆ ಗಾಬರಿಗೆ ಉಚ್ಚೆ ಹೊಯ್ಯುತ್ತದೆ. ಒಣನಾಡಿನ ಆಮೆಗೆ ಮೂತ್ರಕೋಶವೇ ನೀರಿನ ಉಗ್ರಾಣ, ಅದನ್ನು ಸುಮ್ಮನೆ ಬರಿದು ಮಾಡಿಸಿದಂತಾಗುತ್ತದೆ. ಎತ್ತಲೇಬೇಕಾದರೆ ಎರಡೂ ಕೈಯಲ್ಲಿ, ನೆಲದಿಂದ ಗೇಣೆತ್ತರದಲ್ಲೇ ಹಿಡಿದು, ಅದು ಮುಖ ಮಾಡಿದ್ದ ಕಡೆಗೇ ದಾಟಿಸಿ. ಬಂದ ಕಡೆಗೆ ಬಿಟ್ಟರೆ ನೀವು ಬೈಕ್ ಹತ್ತುವಷ್ಟರಲ್ಲಿ ಮತ್ತೆ ರಸ್ತೆಗೆ ಇಳಿದಿರುತ್ತದೆ. ಫೋಟೊ ತೆಗೆದುಕೊಳ್ಳಿ, ಬೇಡವೆನ್ನುವುದಿಲ್ಲ. ವಾಟ್ಸ್ಆ್ಯಪ್ ಗುಂಪಿಗೆ ಹಾಕುವಾಗ ಊರು, ಹೊಲ, ಗುಡ್ಡದ ಹೆಸರು ಮಾತ್ರ ಬರೆಯಬೇಡಿ. ಆ ಗುಂಪಿನಲ್ಲಿ ಆಮೆ ಹಿಡಿದು ಮಾರುವವನ ಪರಿಚಯದವರೂ ಇರುತ್ತಾರೆ.